ಗುರುಗುಟ್ಟುವುದನ್ನು ಬಿಟ್ಟ ನಾಯಿ ಸದ್ದಿಲ್ಲದೆ ಬಾಯಿ ಹಾಕಿತು: ಇವನನ್ನು ಮತ್ತೆ ನಂಬಬಹುದೇ?

ಪ್ರಶ್ನೆ: ಪರಿಚಯದವರೊಬ್ಬರು ಮನೆ ಬದಲಿಸುವಾಗ ಸಾಕಲಾಗದೆ ಬಿಟ್ಟ ನಾಯಿಯನ್ನು ಐದು ತಿಂಗಳ ಹಿಂದೆ ನಾವು ತಂದುಕೊಂಡೆವು. ಹೆಸರು ಭೈರ. ಮಿಶ್ರ ತಳಿ, ಸುಮಾರು ಆರು ವರ್ಷ. ಮೊದಲ ಎರಡು ತಿಂಗಳು ಇವನಷ್ಟು ಸಾಧು ಇನ್ನೊಂದಿಲ್ಲ ಅನ್ನಿಸಿತ್ತು. ಆಮೇಲೆ ಊಟದ ಬಟ್ಟಲ ಹತ್ತಿರ ಯಾರೇ ಹೋದರೂ ಗುರುಗುಟ್ಟತೊಡಗಿದ. ನಮ್ಮ ಯಜಮಾನರು ಪೇಪರ್ ಸುರುಳಿ ಸುತ್ತಿ ಎರಡೇಟು ಬಿಟ್ಟರು. ನಾಯಿ ಪಳಗಿಸುವವರೊಬ್ಬರನ್ನು ಕರೆಸಿದೆವು. ಅವರು ಭೈರನನ್ನು ಅಂಗಾತ ಕೆಡವಿ, ಕತ್ತು ಅದುಮಿ ಹಿಡಿದು, "ಮನೆಗೆ ಯಜಮಾನ ಯಾರು ಅಂತ ಇದಕ್ಕೆ ಗೊತ್ತಾಗಬೇಕು, ತಿನ್ನುವಾಗ ದಿನಾ ಬಟ್ಟಲು ಕಿತ್ತುಕೊಳ್ಳಿ" ಎಂದರು. ಹಾಗೇ ಮಾಡಿದೆವು. ಗುರುಗುಟ್ಟುವುದು ಪೂರ್ತಿ ನಿಂತಿತು. ಆದರೆ ಮೂರು ವಾರದ ಹಿಂದೆ, ಅವನ ಹಾಸಿಗೆ ಪಕ್ಕದಲ್ಲಿ ಬಿದ್ದ ಬಿಸ್ಕತ್ತು ಎತ್ತಿಕೊಳ್ಳಲು ಒಂಬತ್ತು ವರ್ಷದ ಮಗಳು ಬಗ್ಗಿದಾಗ, ಚೂರೂ ಸದ್ದು ಮಾಡದೆ ಕೈಗೆ ಬಾಯಿ ಹಾಕಿದ. ಹಲ್ಲು ಗೀರಿ ಸ್ವಲ್ಪ ರಕ್ತ ಬಂತು. ಮುಲಾಮು ಹಚ್ಚಿದೆವು. ನಾನು ಕೂಗಿಕೊಂಡ ಕೂಡಲೇ ತಲೆ ತಗ್ಗಿಸಿ, ಕಿವಿ ಹಿಂದಕ್ಕೆ ಮಾಡಿ ಮಂಚದ ಕೆಳಗೆ ಹೋಗಿ ಅವಿತುಕೊಂಡ. ಮಾಡಿದ್ದು ತಪ್ಪು ಅಂತ ಅವನಿಗೆ ಗೊತ್ತು ತಾನೆ? ಈಗ ಕತ್ತಿಗೆ ಕರೆಂಟ್ ಶಾಕ್ ಕೊಡುವ ಪಟ್ಟಿ, ಶಾಕ್ ಕಾಲರ್ ಹಾಕಿ ಅನ್ನುತ್ತಿದ್ದಾರೆ. ಅತ್ತೆಯವರು ಯಾರಿಗಾದರೂ ಕೊಟ್ಟುಬಿಡಿ ಅನ್ನುತ್ತಾರೆ. ಮಗಳು ಅಳುತ್ತಾಳೆ. ಈಚೆಗೆ ಸೋಫಾ ಹತ್ತುವುದನ್ನೂ ಬಿಟ್ಟಿದ್ದಾನೆ, ಬೆಳಿಗ್ಗೆ ಏಳುವುದೂ ನಿಧಾನ, ಬೇಜಾರಾಗಿರಬೇಕು. ಇವನನ್ನು ನಾವು ಮತ್ತೆ ನಂಬಬಹುದೇ? ಇವನು ನಮ್ಮನ್ನು ನಂಬುತ್ತಾನೆಯೇ?

ಉತ್ತರ: ನಾಯಿಯ ಮಾತಿಗಿಂತ ಮೊದಲು ಮಗಳ ಕೈಯ ಮಾತು. ಮುಲಾಮು ಹಚ್ಚಿದ್ದನ್ನು ಬರೆದಿದ್ದೀರಿ, ಡಾಕ್ಟರಿಗೆ ತೋರಿಸಿದ್ದನ್ನು ಬರೆದಿಲ್ಲ. ತೋರಿಸಿಲ್ಲವಾದರೆ ಇವತ್ತೇ ಕರೆದುಕೊಂಡು ಹೋಗಿ. ಹಲ್ಲು ತಾಗಿ ರಕ್ತ ಬಂದಿದ್ದರೆ ಗಾಯ ಎಷ್ಟೇ ಸಣ್ಣದಿದ್ದರೂ ರೇಬೀಸ್ ವಿಷಯದಲ್ಲಿ ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಕಚ್ಚಿದ ನಾಯಿ 10 ದಿನ ಕಳೆದರೂ ಆರೋಗ್ಯವಾಗಿದ್ದರೆ, ಕಚ್ಚಿದ ಹೊತ್ತಿನಲ್ಲಿ ಅದರ ಜೊಲ್ಲಿನಲ್ಲಿ ವೈರಾಣು ಇರಲಿಲ್ಲ ಎಂದು ತಿಳಿಯಬಹುದು. ಮೂರು ವಾರವಾದರೂ ಭೈರ ಓಡಾಡಿಕೊಂಡಿರುವುದು ಅಷ್ಟರ ಮಟ್ಟಿಗೆ ನೆಮ್ಮದಿ. ಆದರೂ ಮಗುವಿಗೆ ಯಾವ ಲಸಿಕೆ ಬೇಕು, ಯಾವುದು ಬೇಡ ಎಂದು ತೀರ್ಮಾನಿಸಬೇಕಾದವರು ವೈದ್ಯರು. ಭೈರನ ಲಸಿಕೆಯ ಕಾರ್ಡ್ ಹಳೆಯ ಮಾಲೀಕರ ಹತ್ತಿರ ಇದ್ದರೆ ತರಿಸಿಕೊಳ್ಳಿ. ಮುಂದೆ ಯಾವತ್ತೇ ಯಾವ ನಾಯಿಯ ಹಲ್ಲು ತಾಗಿದರೂ ಮೊದಲು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಮುಲಾಮಿನ ಯೋಚನೆ ಆಮೇಲೆ.

ಇನ್ನು ಭೈರ. ನಿಮ್ಮ ಪತ್ರದಲ್ಲಿ ಎರಡು ಭಯಗಳಿವೆ. ಒಂದು, ಮನೆಯೊಳಗೇ ಒಂದು ಅಪಾಯ ಓಡಾಡುತ್ತಿದೆಯೇ ಎನ್ನುವುದು. ಇನ್ನೊಂದು, ನಾವೇ ಅವನನ್ನು ಹಾಳುಮಾಡಿದೆವೋ ಏನೋ ಎನ್ನುವುದು. ಎರಡನೆಯದನ್ನು ನೀವು ಬಾಯಿಬಿಟ್ಟು ಕೇಳಿಲ್ಲ, ಆದರೂ ಸಾಲುಗಳ ನಡುವೆ ಕಾಣುತ್ತದೆ. ನಾಯಿಗಳ ವರ್ತನೆಯ ತೊಂದರೆಗಳನ್ನೇ ಹೆಚ್ಚಾಗಿ ನೋಡುವ ಪಶುವೈದ್ಯನಾಗಿ ಹೇಳುತ್ತೇನೆ: ನನ್ನಲ್ಲಿಗೆ ಬರುವ ಇಂಥ ಮನೆಗಳಲ್ಲಿ ಹೆಚ್ಚಿನವರು ಮಾಡಿರುವುದು ನೀವು ಮಾಡಿದ್ದನ್ನೇ, ಅದೂ ಯಾರೋ ತಿಳಿದವರು ಎನಿಸಿಕೊಂಡವರು ಹೇಳಿದರು ಎಂದು. ಇದನ್ನು ಸರಿಪಡಿಸಲು ಬರುತ್ತದೆ.

ನಾಯಿ ಗುರುಗುಟ್ಟುವುದು ಎಚ್ಚರಿಕೆ. ಕಚ್ಚದೆ ಮುಗಿಸಲು ಅದು ಮಾಡುವ ಪ್ರಯತ್ನ. ಅಲ್ಲಿಗೆ ಬರುವ ಮೊದಲೇ ನಾಯಿ ಬಹಳಷ್ಟನ್ನು ಹೇಳಿರುತ್ತದೆ, ನಾವು ಗಮನಿಸಿರುವುದಿಲ್ಲ. ಭೈರ ತಿನ್ನುವಾಗ ದೂರದಿಂದ ಮೊಬೈಲಿನಲ್ಲಿ ವಿಡಿಯೊ ಮಾಡಿ, ನಿಧಾನಗತಿಯಲ್ಲಿ ನೋಡಿ. ಯಾರಾದರೂ ಆ ಕಡೆ ಹೆಜ್ಜೆ ಹಾಕಿದ ಕ್ಷಣದಲ್ಲಿ ಅವನ ದವಡೆ ಏನು ಮಾಡುತ್ತದೆ ನೋಡಿ. ಕೆಲವು ನಾಯಿಗಳು ಗಬಗಬನೆ ನುಂಗಲು ಶುರುಮಾಡುತ್ತವೆ. ಇನ್ನು ಕೆಲವು ಅಗಿಯುವುದನ್ನೇ ನಿಲ್ಲಿಸುತ್ತವೆ: ಬಾಯಲ್ಲಿ ತುತ್ತಿದೆ, ಮೂತಿ ಬಟ್ಟಲಿನಲ್ಲೇ ಇದೆ, ತಲೆ ಎತ್ತುವುದಿಲ್ಲ, ಆದರೆ ಕಣ್ಣುಗುಡ್ಡೆ ಮಾತ್ರ ಬರುವವರ ಕಡೆ ಹೊರಳಿ ಬಿಳಿ ಭಾಗ ಅರ್ಧಚಂದ್ರದಂತೆ ಕಾಣುತ್ತದೆ. ಮುಂಗಾಲು ಬಟ್ಟಲಿಗೆ ಇನ್ನಷ್ಟು ಹತ್ತಿರ ಬರುತ್ತದೆ, ಬೆನ್ನು ಬಿಗಿಯಾಗುತ್ತದೆ, ಬಾಲದ ಅಲುಗಾಟ ನಿಂತುಹೋಗುತ್ತದೆ. ಒಂದೆರಡು ಸೆಕೆಂಡಿನ ಈ ಮರಗಟ್ಟುವಿಕೆಯೇ ಅತ್ಯಂತ ಮುಖ್ಯವಾದ ಸೂಚನೆ. ಬೇರೆ ಹೊತ್ತಿನಲ್ಲಿ ಇದರ ಸೌಮ್ಯ ರೂಪಗಳೂ ಇವೆ. ನಿದ್ದೆ ಇಲ್ಲದಿದ್ದರೂ ಆಕಳಿಸುವುದು, ತಿನ್ನಲು ಏನೂ ಇಲ್ಲದಿದ್ದರೂ ಮೂತಿ ನೆಕ್ಕಿಕೊಳ್ಳುವುದು, ಮುಖ ಪಕ್ಕಕ್ಕೆ ತಿರುಗಿಸುವುದು, ಎದ್ದು ಆಚೆ ಹೋಗುವುದು. ಮಕ್ಕಳು ಅಪ್ಪಿಕೊಂಡಾಗ ನಾಯಿ ಮುಖ ತಿರುಗಿಸಿರುವ ಫೋಟೊಗಳನ್ನು ಜನ ಮುದ್ದಾಗಿದೆ ಎಂದು ಎಲ್ಲರಿಗೂ ತೋರಿಸುತ್ತಾರೆ. ನನಗೆ ಅವನ್ನು ನೋಡಿದಾಗಲೆಲ್ಲ ಎದೆ ಧಸಕ್ಕೆನ್ನುತ್ತದೆ.

ಗುರುಗುಟ್ಟಿದ್ದಕ್ಕೆ ಪೆಟ್ಟು ಬಿದ್ದಾಗ ಭೈರ ಕಲಿತದ್ದು ಎರಡು. ಸದ್ದು ಮಾಡಿದರೆ ನೋವಾಗುತ್ತದೆ ಎನ್ನುವುದು ಒಂದು. ಮನುಷ್ಯರು ಬಟ್ಟಲ ಹತ್ತಿರ ಬಂದರೆ ಕೆಟ್ಟದ್ದೇ ಆಗುತ್ತದೆ ಎನ್ನುವ ಅವನ ಅನುಮಾನ ನಿಜವೇ ಆಗಿತ್ತು ಎನ್ನುವುದು ಇನ್ನೊಂದು. ಕುಕ್ಕರಿನ ಸೀಟಿ ಕಿರಿಕಿರಿ ಎಂದು ಬಿಗಿದು ಮುಚ್ಚಿದರೆ ಒಳಗಿನ ಆವಿ ಕಡಿಮೆಯಾಗುತ್ತದೆಯೇ? ಹೆದರಿಕೆ ಹಾಗೇ ಉಳಿಯಿತು, ಅದನ್ನು ಹೇಳುವ ದಾರಿ ಮುಚ್ಚಿತು. ಸದ್ದೇ ಮಾಡದೆ ಕಚ್ಚುವ ನಾಯಿ ಎಂದು ಜನ ಕರೆದುಕೊಂಡು ಬರುವ ಎಷ್ಟೋ ನಾಯಿಗಳ ಹಿಂದಿನ ಕಥೆ ವಿಚಾರಿಸಿದರೆ, ಗುರುಗುಟ್ಟಿದ್ದಕ್ಕೆ ಏಟು ತಿಂದ ದಿನಗಳು ಅದರಲ್ಲಿ ಇದ್ದೇ ಇರುತ್ತವೆ. ಹಾಗಾಗಿ ಇನ್ನು ಮೇಲೆ ಭೈರ ಮತ್ತೆ ಗುರುಗುಟ್ಟಿದರೆ ಅದನ್ನು ಒಳ್ಳೆಯ ಸುದ್ದಿ ಎಂದೇ ತಿಳಿಯಿರಿ. ಗದರಬೇಡಿ. ನಿಂತುಕೊಳ್ಳಿ, ಒಂದೆರಡು ಹೆಜ್ಜೆ ಹಿಂದೆ ಸರಿಯಿರಿ, ಯಾವುದರಿಂದ ಹಾಗಾಯಿತು ಎಂದು ನೆನಪಿಟ್ಟುಕೊಳ್ಳಿ. ಹಿಂದೆ ಸರಿದರೆ ತಲೆಮೇಲೆ ಕೂರುತ್ತಾನೆ ಎನ್ನುವ ಅಂಜಿಕೆ ಬೇಡ. ಹೇಳಿದ್ದು ಕೇಳಿಸಿತು ಎಂದು ಗೊತ್ತಾದ ನಾಯಿಗೆ ಹಲ್ಲು ಬಳಸುವ ಅಗತ್ಯವೇ ಬೀಳುವುದಿಲ್ಲ.

ಯಜಮಾನ ಯಾರು ಎನ್ನುವ ಮಾತು ಎಲ್ಲಿಂದ ಬಂತು ಎಂದು ಹೇಳಿಬಿಡುತ್ತೇನೆ, ಮನೆಯಲ್ಲಿ ಎಲ್ಲರಿಗೂ ಇದನ್ನು ಓದಿ ಹೇಳಿ. ರುಡಾಲ್ಫ್ ಶೆಂಕಲ್ ಎಂಬ ಸಂಶೋಧಕರು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ ತೋಳಗಳನ್ನು ನೋಡಿ 1947ರಲ್ಲಿ ಬರೆದರು: ತೋಳಗಳು ಮೇಲಿನ ಸ್ಥಾನಕ್ಕಾಗಿ ಕಾದಾಡುತ್ತವೆ, ಗೆದ್ದದ್ದು ಗುಂಪನ್ನು ಆಳುತ್ತದೆ. ಅಮೆರಿಕದ ತೋಳತಜ್ಞ ಡೇವಿಡ್ ಮೆಕ್ 1970ರಲ್ಲಿ ತಮ್ಮ ಪುಸ್ತಕದಲ್ಲಿ ಈ ವಿಚಾರವನ್ನು ಸೇರಿಸಿಕೊಂಡರು, ಅದು ಜಗತ್ತಿಗೆಲ್ಲ ಹಬ್ಬಿತು. ಆಮೇಲೆ ಅದೇ ಮೆಕ್ ಕೆನಡಾದ ಎಲ್ಸ್‌ಮೀರ್ ದ್ವೀಪದಲ್ಲಿ ವರ್ಷವರ್ಷವೂ ಬೇಸಿಗೆಯಲ್ಲಿ ಕಾಡುತೋಳಗಳ ಹತ್ತಿರವೇ ಇದ್ದು ನೋಡಿದರೆ, ಕಂಡದ್ದು ಅಪ್ಪ, ಅಮ್ಮ, ಮಕ್ಕಳ ಸಂಸಾರ. ಕಾದಾಡಿ ಪಟ್ಟಕ್ಕೇರುವ ರಾಜನನ್ನು ಅವರು ಅಲ್ಲಿ ಕಾಣಲಿಲ್ಲ. ಮೃಗಾಲಯದವು ಸಂಬಂಧವಿಲ್ಲದ ತೋಳಗಳನ್ನು ಒಂದೇ ಬೇಲಿಯೊಳಗೆ ತುಂಬಿದ ಗುಂಪಾಗಿತ್ತು. ಮೆಕ್ 1999ರಲ್ಲಿ ಇದನ್ನು ಬರೆದು ಪ್ರಕಟಿಸಿದರು. ತಮ್ಮದೇ ಹಳೆಯ ಪುಸ್ತಕ ಅಚ್ಚಾಗುವುದನ್ನು ನಿಲ್ಲಿಸಿ ಎಂದು ಪ್ರಕಾಶಕರನ್ನು ಕೇಳಿಕೊಂಡರು. ಅದಲ್ಲದೆ ನಾಯಿ ತೋಳವೂ ಅಲ್ಲ. ಸಾವಿರಾರು ವರ್ಷ ಮನುಷ್ಯರ ಜೊತೆ ಬಾಳಿದ ಪ್ರಾಣಿ ಅದು.

ಅಂಗಾತ ಕೆಡವಿ ಹಿಡಿದಾಗ ನಾಯಿಗೆ ಅನ್ನಿಸುವುದು ಜೀವ ಹೋಗುತ್ತದೆ ಎಂದು. ಕೆಲವು ನಾಯಿಗಳು ಮರಗಟ್ಟಿ ಮಲಗುತ್ತವೆ, ನೋಡುವವರು ಅದನ್ನು ಶರಣಾಗತಿ ಅಂದುಕೊಳ್ಳುತ್ತಾರೆ. ಕೆಲವು ತಿರುಗಿ ಕಚ್ಚುತ್ತವೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು ನಾಯಿ ಸಾಕುವ 140 ಮಂದಿಯನ್ನು ವಿಚಾರಿಸಿ 2009ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಹೊಡೆದ ಅಥವಾ ಒದ್ದವರಲ್ಲಿ ನೂರಕ್ಕೆ 43 ಮಂದಿ, ಹೀಗೆ ಅಂಗಾತ ಕೆಡವಿದವರಲ್ಲಿ ನೂರಕ್ಕೆ 31 ಮಂದಿ ನಾಯಿ ತಮ್ಮ ಮೇಲೆ ತಿರುಗಿಬಿತ್ತು ಎಂದಿದ್ದರು. ಅವು ವರ್ತನೆಯ ತೊಂದರೆಗಾಗಿ ಕರೆತಂದಿದ್ದ ನಾಯಿಗಳು, ಅಂದರೆ ಭೈರನಂಥವೇ. ನಿಮ್ಮ ಯಜಮಾನರಿಗೆ ದೊಡ್ಡ ಗಾಯವಾಗದೆ ಇದ್ದದ್ದು ಭೈರನ ತಾಳ್ಮೆಯಿಂದ.

ಮಂಚದ ಕೆಳಗೆ ಅವಿತದ್ದರ ಬಗ್ಗೆಯೂ ಕೇಳಿದ್ದೀರಿ. ತಪ್ಪಿತಸ್ಥನ ಮುಖ ಎಂದು ನಮಗೆ ಕಾಣುವುದನ್ನು ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಸಂಶೋಧಕಿ 2009ರಲ್ಲಿ ಪರೀಕ್ಷಿಸಿ ತೋರಿಸಿದ್ದಾರೆ. ತಿನ್ನಬೇಡ ಎಂದು ಹೇಳಿ ತಿಂಡಿ ಇಟ್ಟು ಮಾಲೀಕರು ಹೊರಗೆ ಹೋಗುವುದು. ನಾಯಿ ನಿಜಕ್ಕೂ ತಿಂದಿತೋ ಇಲ್ಲವೋ ಅವರಿಗೆ ತಿಳಿಯದು. ಹಿಂತಿರುಗಿ ಬಂದಾಗ ಮಾಲೀಕರು ಗದರಿದರೆ ನಾಯಿ ಆ ಮುಖ ಮಾಡುತ್ತಿತ್ತು, ತಿಂದಿರಲಿ, ತಿನ್ನದಿರಲಿ. ಏನೂ ತಿನ್ನದೆ ಬೈಸಿಕೊಂಡ ನಾಯಿಗಳಲ್ಲಿ ಆ ಮುಖ ಇನ್ನೂ ಎದ್ದು ಕಾಣುತ್ತಿತ್ತು. ತಗ್ಗಿದ ತಲೆ, ಹಿಂದಕ್ಕೆ ಹೋದ ಕಿವಿ, ನೀವು ಕೂಗಿಕೊಂಡದ್ದಕ್ಕೆ ಬಂದ ಉತ್ತರ. ನನ್ನ ಮೇಲೆ ಸಿಟ್ಟಾಗಬೇಡ ಎಂದು ಬೇಡುವ ಭಂಗಿ ಅದು. ಅದನ್ನು ಪಶ್ಚಾತ್ತಾಪ ಎಂದು ಓದಿದರೆ, ಮುಂದಿನ ಸಲ ಬೇಕೆಂದೇ ಮಾಡಿದ ಎಂದು ಇನ್ನಷ್ಟು ಸಿಟ್ಟು ಬರುತ್ತದೆ. ತೊಂದರೆ ಬೆಳೆಯುವುದೇ ಅಲ್ಲಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಾಲು ಬೇರೆಯೇ ಇದೆ. ಸೋಫಾ ಹತ್ತುವುದನ್ನು ಬಿಟ್ಟಿದ್ದಾನೆ, ಬೆಳಿಗ್ಗೆ ಏಳುವುದು ನಿಧಾನ ಎಂದು ಹೋಗುತ್ತ ಹೋಗುತ್ತ ಬರೆದಿರಿ. ಆರು ವರ್ಷದ ನಾಯಿಯಲ್ಲಿ ಇವೆರಡು ಒಟ್ಟಿಗೆ ಕಂಡರೆ ಬೇಜಾರಿಗಿಂತ ಮೊದಲು ನೋವನ್ನು ಅನುಮಾನಿಸಬೇಕು. ಸೊಂಟದ ಕೀಲು, ಮೊಣಕಾಲು, ಬೆನ್ನು, ಹಲ್ಲು, ಕಿವಿಯ ಸೋಂಕು, ಹೊಟ್ಟೆಯ ತೊಂದರೆ, ಯಾವುದೂ ಇರಬಹುದು. ನಾಯಿಗಳು ನೋವಿಗೆ ಕುಂಯ್‌ಗುಡುವುದು ಅಪರೂಪ. ಮೆಟ್ಟಿಲ ಮುಂದೆ ಒಂದು ಗಳಿಗೆ ತಡೆಯುತ್ತವೆ, ಮಲಗುವ ಮೊದಲು ನಾಲ್ಕು ಸುತ್ತು ಹೆಚ್ಚು ಸುತ್ತುತ್ತವೆ, ಮೈ ಮುಟ್ಟಿದರೆ ಸರಿದುಹೋಗುತ್ತವೆ. ವರ್ತನೆಯ ತೊಂದರೆ ಎಂದು ತಜ್ಞರಲ್ಲಿಗೆ ಬರುವ ನಾಯಿಗಳಲ್ಲಿ ಕಡಿಮೆ ಅಂದರೂ ಮೂರರಲ್ಲಿ ಒಂದಕ್ಕೆ ಎಲ್ಲೋ ಒಂದು ನೋವು ಇರುತ್ತದೆ ಎಂದು ಬ್ರಿಟನ್ನಿನ ಪಶುವೈದ್ಯ ಡೇನಿಯಲ್ ಮಿಲ್ಸ್ ಮತ್ತು ಸಂಗಡಿಗರು 2020ರಲ್ಲಿ ಬರೆದಿದ್ದಾರೆ, ನನ್ನ ಅನುಭವವೂ ಅದಕ್ಕೆ ದೂರವಿಲ್ಲ. ಹಾಸಿಗೆಯಲ್ಲಿ ಮಲಗಿದ ನಾಯಿಯ ಮೇಲೆ ಮಗು ಬಗ್ಗಿದಾಗ, ತಕ್ಷಣ ಎದ್ದು ಆಚೆ ಹೋಗುವ ಶಕ್ತಿ ಆ ಸೊಂಟಕ್ಕೆ ಇಲ್ಲದಿದ್ದರೆ? ದೂರ ಹೋಗಲಾಗದ ನಾಯಿಗೆ ಉಳಿಯುವುದು ಹಲ್ಲು.

ಆದ್ದರಿಂದ ಯಾವ ತರಬೇತಿಗಿಂತಲೂ ಮೊದಲು ಪಶುವೈದ್ಯರಿಂದ ಪೂರ್ತಿ ತಪಾಸಣೆ ಆಗಬೇಕು. ಅವನು ನಡೆಯುವುದು, ಏಳುವುದು, ಮೆಟ್ಟಿಲು ಹತ್ತುವುದರ ವಿಡಿಯೊ ತೆಗೆದುಕೊಂಡು ಹೋಗಿ. ಆಸ್ಪತ್ರೆಯ ಗಾಬರಿಯಲ್ಲಿ ಕುಂಟುವ ನಾಯಿಯೂ ಸರಿಯಾಗಿ ನಡೆದುಬಿಡುತ್ತದೆ. ಬೇಕಾದರೆ ಎಕ್ಸ್‌ರೇ, ರಕ್ತಪರೀಕ್ಷೆ ಮಾಡಿಸುತ್ತಾರೆ. ಒಮ್ಮೊಮ್ಮೆ ಕೆಲವು ವಾರ ನೋವಿನ ಔಷಧಿ ಕೊಟ್ಟು ವರ್ತನೆ ಬದಲಾಗುತ್ತದೆಯೇ ನೋಡುವುದೂ ಉಂಟು. ನಿಮ್ಮ ಮನೆಯಲ್ಲಿರುವ ಮಾತ್ರೆ ಮಾತ್ರ ಕೊಡಬೇಡಿ. ಮನುಷ್ಯರ ಐಬುಪ್ರೊಫೆನ್ ನಾಯಿಗೆ ವಿಷ, ಪ್ಯಾರಾಸಿಟಮಾಲ್ ಕೂಡ ಅಪಾಯ.

ಎರಡು ತಿಂಗಳು ಸಾಧುವಾಗಿದ್ದವನು ಆಮೇಲೆ ಏಕೆ ಬದಲಾದ ಎನ್ನುವ ಗೊಂದಲ ನಿಮಗಿದೆ. ಹೊಸ ಮನೆಗೆ ಬಂದ ದೊಡ್ಡ ನಾಯಿ ಮೊದಲ ವಾರಗಳಲ್ಲಿ ಮುದುಡಿಕೊಂಡೇ ಇರುತ್ತದೆ, ನಾವು ಅದನ್ನು ಸಾಧುತನ ಎನ್ನುತ್ತೇವೆ. ನೆಲೆ ಸಿಕ್ಕಿತು ಅನ್ನಿಸಿದ ಮೇಲೆ ಹಳೆಯ ಅಭ್ಯಾಸಗಳು ಹೊರಬರುತ್ತವೆ. ಹಿಂದಿನ ಮನೆಯಲ್ಲಿ ಬಟ್ಟಲು ಕಿತ್ತುಕೊಳ್ಳುತ್ತಿದ್ದರೇ, ಬೇರೆ ನಾಯಿಯ ಜೊತೆ ಹಂಚಿ ತಿನ್ನಬೇಕಿತ್ತೇ, ಹಳೆಯ ಮಾಲೀಕರನ್ನು ಕೇಳಿ ನೋಡಿ. ತನಗೆ ಬೇಕಾದದ್ದನ್ನು ಕಾಪಾಡಿಕೊಳ್ಳುವುದು ನಾಯಿಗೆ ಸಹಜವೇ. ಅದು ಎಷ್ಟು ಬಿಗಿಯಾಗಬೇಕು ಎನ್ನುವುದು ಮರಿಯಾಗಿದ್ದಾಗಿನ ಅನುಭವ, ಹುಟ್ಟುಗುಣ, ಮೈಯ ನೋವು, ಆಮೇಲೆ ನಾವು ನಡೆದುಕೊಂಡ ರೀತಿ, ಎಲ್ಲ ಸೇರಿ ಆಗುವಂಥದ್ದು.

ಈಗ ಮಾಡಬೇಕಾದದ್ದು. ಇವತ್ತಿನಿಂದಲೇ, ಯಾರೂ ಏನನ್ನೂ ಕಲಿಸಲು ಹೋಗದೆ, ಜಗಳದ ಸಂದರ್ಭಗಳನ್ನೇ ತೆಗೆದುಹಾಕಿ. ಭೈರನ ಊಟ ಬಾಗಿಲು ಹಾಕಿದ ಕೋಣೆಯಲ್ಲಿ, ಅವನೊಬ್ಬನಿಗೇ. ತಿಂದು ಮುಗಿಸಿ ಹೊರಗೆ ಬಂದ ಮೇಲೆ, ಅವನು ಬೇರೆ ಕಡೆ ಇರುವಾಗ ಬಟ್ಟಲು ಎತ್ತಿ. ಎಲುಬು, ಅಗಿಯುವ ತುಂಡುಗಳು ಸದ್ಯಕ್ಕೆ ಬೇಡವೇ ಬೇಡ. ಅವನ ಹಾಸಿಗೆ ಮಗಳು ಓಡಾಡುವ ದಾರಿಯಿಂದ ದೂರ, ಯಾರೂ ದಾಟಿಹೋಗದ ಮೂಲೆಯಲ್ಲಿರಲಿ. ನೆಲಕ್ಕೆ ಏನೇ ಬಿದ್ದರೂ ಮಗಳು ಬಗ್ಗಿ ಎತ್ತುವುದಿಲ್ಲ, ದೊಡ್ಡವರನ್ನು ಕರೆಯುತ್ತಾಳೆ. ದೊಡ್ಡವರು ಭೈರನನ್ನು ಇನ್ನೊಂದು ಕಡೆಗೆ ಕರೆದು, ಆಮೇಲೆ ಎತ್ತುತ್ತಾರೆ. ತಿನ್ನುವಾಗ, ಮಲಗಿದಾಗ, ಅವಿತು ಕುಳಿತಾಗ ಅವನನ್ನು ಮುಟ್ಟುವಂತಿಲ್ಲ ಎನ್ನುವುದು ಮಗಳಿಗೆ ಬಾಯಿಪಾಠವಾಗಲಿ. ಹಾಗೆಂದು ಒಂಬತ್ತು ವರ್ಷದ ಮಗು ನೆನಪಿಟ್ಟುಕೊಂಡೀತು ಎಂದು ನಂಬಿ ಕೂರಬೇಡಿ. ದೊಡ್ಡವರೊಬ್ಬರು ಕಣ್ಣಿಟ್ಟು ನೋಡಲಾಗದ ಹೊತ್ತಿನಲ್ಲಿ ನಡುವೆ ಬಾಗಿಲೋ ಗೇಟೋ ಇರಲೇಬೇಕು. ಅದೇ ಕೋಣೆಯಲ್ಲಿ ಕೂತು ಮೊಬೈಲು ನೋಡುತ್ತಿರುವುದನ್ನು ಕಾವಲು ಎನ್ನಲಾಗುವುದಿಲ್ಲ.

ಬಟ್ಟಲು ಕಿತ್ತುಕೊಳ್ಳುವ ಪಾಠವನ್ನು ಇಲ್ಲಿಗೆ ನಿಲ್ಲಿಸಿ. ದಿನಾ ಊಟದ ಮಧ್ಯೆ ತಟ್ಟೆ ಎಳೆದುಕೊಳ್ಳುವವರ ಹತ್ತಿರ ಯಾರಿಗೆ ತಾನೆ ನೆಮ್ಮದಿಯಿಂದ ಉಣ್ಣಲು ಆದೀತು? ಭೈರ ಕಲಿಯಬೇಕಾದದ್ದು ಇದರ ತಿರುವುಮುರುವು: ಮನುಷ್ಯರು ಹತ್ತಿರ ಬಂದರೆ ಇರುವುದು ಹೋಗುವುದಿಲ್ಲ, ಇನ್ನೂ ಒಳ್ಳೆಯದು ಸಿಗುತ್ತದೆ. ಗಂಟೆ ಬಾರಿಸಿದ ಮೇಲೆ ಊಟ ಬರುತ್ತದೆ ಎಂದಾದರೆ ನಾಯಿಗೆ ಗಂಟೆಯ ಸದ್ದಿಗೇ ಜೊಲ್ಲು ಬರುವಂತೆ, ನಿಮ್ಮ ಹೆಜ್ಜೆ ಸದ್ದೇ ಅವನ ಮನಸ್ಸಿನಲ್ಲಿ ಹಿತವಾಗಬೇಕು. ರಷ್ಯಾದ ವಿಜ್ಞಾನಿ ಪಾವ್ಲೋವ್ ನೂರಕ್ಕೂ ಹೆಚ್ಚು ವರ್ಷದ ಹಿಂದೆ ತೋರಿಸಿದ ಈ ಕಲಿಕೆ ನಾಯಿಯ ಬುದ್ಧಿಗಿಂತ ಅದರ ಭಾವನೆಯ ಮೇಲೆ ಕೆಲಸ ಮಾಡುತ್ತದೆ. ಹೆದರಿಕೆ ಕರಗುವುದು ಈ ದಾರಿಯಲ್ಲಿ, ಅಪ್ಪಣೆಯಿಂದ ಕರಗುವುದಿಲ್ಲ.

ವೈದ್ಯರ ತಪಾಸಣೆ ಮುಗಿದು, ಒಂದೆರಡು ವಾರ ಮನೆ ಶಾಂತವಾದ ಮೇಲೆ ಇದನ್ನು ಹೀಗೆ ಶುರುಮಾಡಿ. ಅವನ ಬಟ್ಟಲಿನಲ್ಲಿ ದಿನದ ಸಾಧಾರಣ ಊಟ. ನಿಮ್ಮ ಕೈಯಲ್ಲಿ ಅವನಿಗೆ ಪ್ರಾಣವಾದ ಬೇರೇನಾದರೂ, ಮಸಾಲೆಯಿಲ್ಲದೆ ಬೇಯಿಸಿದ ಕೋಳಿಮಾಂಸದ ಬೆರಳುಗುರಿನಷ್ಟು ಚೂರುಗಳು ಅಂದುಕೊಳ್ಳಿ. ಅವನು ನಿರಾಳವಾಗಿ ತಿನ್ನುತ್ತಲೇ ಇರುವಷ್ಟು ದೂರವನ್ನು ಹುಡುಕಿ, ಹತ್ತು ಅಡಿಯೋ ಹದಿನೈದು ಅಡಿಯೋ, ಅವನೇ ಹೇಳುತ್ತಾನೆ. ಅಷ್ಟು ದೂರದಲ್ಲಿ ಅಡ್ಡಲಾಗಿ ನಡೆದುಹೋಗಿ, ಹೋಗುತ್ತ ಬಟ್ಟಲ ಕಡೆ ಒಂದು ಚೂರು ಎಸೆಯಿರಿ, ನಿಲ್ಲದೆ ಹೊರಟುಹೋಗಿ. ಹೊರಟುಹೋಗುವುದನ್ನು ಜನ ಮರೆಯುತ್ತಾರೆ, ಆದರೆ ಪಾಠದ ಅರ್ಧ ಅದರಲ್ಲೇ ಇದೆ. ಬಂದವರು ಕೊಟ್ಟು ಹೋಗುತ್ತಾರೆ, ಏನನ್ನೂ ಕೇಳುವುದಿಲ್ಲ. ಒಂದು ಊಟಕ್ಕೆ ಮೂರೋ ನಾಲ್ಕೋ ಸಲ ಸಾಕು. ಕೆಲವು ದಿನಗಳಾದ ಮೇಲೆ, ನೀವು ಬರುವುದನ್ನು ಕಂಡ ಕೂಡಲೇ ಅವನು ತಲೆ ಎತ್ತಿ, ಮೈ ಸಡಿಲ ಬಿಟ್ಟು, ಬಾಲ ಅಗಲವಾಗಿ ಅಲ್ಲಾಡಿಸುತ್ತ ನಿಮ್ಮ ಕೈ ಕಡೆ ನೋಡುತ್ತಾನೆ. ಆಗ, ಆಗ ಮಾತ್ರ, ಒಂದು ಹೆಜ್ಜೆ ಹತ್ತಿರ. ಅಗಿಯುವುದು ನಿಂತರೆ, ಕಣ್ಣಿನ ಬಿಳಿ ಕಂಡರೆ, ವೇಗವಾಗಿ ನುಂಗಿದರೆ, ನೀವು ಆತುರಪಟ್ಟಿದ್ದೀರಿ ಎಂದರ್ಥ. ಎರಡು ಹೆಜ್ಜೆ ಹಿಂದಿನ ದೂರಕ್ಕೆ ಮರಳಿ. ಬಟ್ಟಲಿಗೆ ಕೈ ಹಾಕುವ ಹಂತ ಎಂಬುದೇ ಬೇಕಿಲ್ಲ. ತಿನ್ನುವ ನಾಯಿಯ ಬಟ್ಟಲಿಗೆ ಕೈ ಹಾಕಿ ತೋರಿಸಬೇಕಾದ ಯಾವ ಕಾರಣವೂ ಮನೆಯಲ್ಲಿ ಇರುವುದಿಲ್ಲ. ಈ ಅಭ್ಯಾಸ ದೊಡ್ಡವರದು ಮಾತ್ರ, ಮಗಳನ್ನು ಇದರಲ್ಲಿ ಸೇರಿಸಬೇಡಿ.

ಇದರ ಜೊತೆಗೆ, ಬೇರೆ ಹೊತ್ತಿನಲ್ಲಿ, "ಬಿಡು" ಎನ್ನುವುದನ್ನು ಕಲಿಸಿ. ಅವನಿಗೆ ಅಷ್ಟೇನೂ ಮುಖ್ಯವಲ್ಲದ ಆಟಿಕೆಯಿಂದ ಆರಂಭಿಸಿ. ಬಾಯಲ್ಲಿ ಅದಿರುವಾಗ "ಬಿಡು" ಎಂದು ಒಂದೇ ಸಲ ಹೇಳಿ, ಮೂಗಿನ ಹತ್ತಿರ ಒಳ್ಳೆಯ ಚೂರು ಹಿಡಿಯಿರಿ. ಆಟಿಕೆ ಬಿಟ್ಟು ಚೂರು ತಿಂದ ಮೇಲೆ ಆಟಿಕೆಯನ್ನು ಅವನಿಗೇ ವಾಪಸು ಕೊಡಿ. ಬಿಟ್ಟುಕೊಟ್ಟರೂ ಕಳೆದುಕೊಳ್ಳುವುದಿಲ್ಲ ಎಂದು ಅರಿವಾದ ನಾಯಿ, ಬಾಯಲ್ಲಿ ಏನೇ ಇದ್ದರೂ ತಾನೇ ತಂದು ತೋರಿಸುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ತಿಂಡಿ ಕೊಡುವುದು ಲಂಚವಾಗುವುದಿಲ್ಲವೇ ಎಂದು ನಿಮ್ಮ ಯಜಮಾನರು ಕೇಳಬಹುದು. ತಿಂಡಿ ತೋರಿಸಿಯೇ ಕೆಲಸ ಮಾಡಿಸುವುದು ಮೊದಲ ಕೆಲವು ದಿನ ಮಾತ್ರ. ಆಮೇಲೆ ಮಾತು ಮೊದಲು, ಅವನು ಮಾಡುವುದು ಅನಂತರ, ಕೈ ಜೇಬಿಗೆ ಹೋಗುವುದು ಕೊನೆಗೆ. ಮಾಡಿದ್ದಕ್ಕೂ ಸಿಕ್ಕಿದ್ದಕ್ಕೂ ನಡುವೆ ಒಂದೆರಡು ಸೆಕೆಂಡಿಗಿಂತ ಹೆಚ್ಚು ಅಂತರ ಬೀಳದಿರಲಿ, ಇಲ್ಲವಾದರೆ ಯಾವುದಕ್ಕೆ ಸಿಕ್ಕಿತು ಎಂದು ಅವನಿಗೆ ತಿಳಿಯುವುದಿಲ್ಲ.

ನಂಬಿಕೆಯ ಬಗ್ಗೆ ಕೇಳಿದಿರಿ. ನಾಯಿಯ ಲೆಕ್ಕದಲ್ಲಿ ನಂಬಿಕೆಯೆಂದರೆ ಮುಂದೆ ಏನಾಗುತ್ತದೆ ಎಂದು ಊಹಿಸಬಲ್ಲದ್ದು, ಬೇಡ ಎಂದರೆ ಕೇಳುವವರಿದ್ದಾರೆ ಎಂದು ಗೊತ್ತಿರುವುದು. ಇವೆರಡನ್ನೂ ಕೈಯಿಂದಲೇ ಕಲಿಸಬಹುದು. ಅವನಾಗಿ ಹತ್ತಿರ ಬಂದಾಗ ಎದೆಯ ಮೇಲೋ ಕತ್ತಿನ ಪಕ್ಕದಲ್ಲೋ ಮೂರು ಸೆಕೆಂಡು ಸವರಿ, ಕೈ ತೆಗೆದುಬಿಡಿ. ಮತ್ತೆ ಮೈ ಒತ್ತಿದರೆ ಇನ್ನೂ ಬೇಕು ಎಂದು, ಸುಮ್ಮನೆ ನಿಂತರೆ, ಮುಖ ತಿರುಗಿಸಿದರೆ ಸಾಕು ಎಂದು. ಸಾಕು ಎಂದಾಗ ಸಾಕುಮಾಡಿ. ತಲೆಯ ಮೇಲಿಂದ ಬಗ್ಗಿ ಕೈ ಚಾಚಬೇಡಿ, ಅವನನ್ನು ಕೆಡವಿದ್ದು ಅದೇ ದಿಕ್ಕಿನಿಂದ. ಅಂಗೈಗೆ ಮೂಗು ಮುಟ್ಟಿಸುವ ಆಟ ಕಲಿಸಿ, ದಿನಕ್ಕೆ ಎರಡು ಮೂರು ಸಲ, ಪ್ರತಿ ಸಲ ಐದು ನಿಮಿಷ ಮೀರದಂತೆ. ಆ ಆಟ ಬಂದರೆ ಸೋಫಾದಿಂದ ಇಳಿಸಲು, ಬಾಗಿಲಿನಿಂದ ಸರಿಸಲು, ಬಿದ್ದ ಬಿಸ್ಕತ್ತಿನಿಂದ ಆಚೆ ಕರೆಯಲು ಕತ್ತುಪಟ್ಟಿ ಹಿಡಿದು ಎಳೆಯುವ ಕೆಲಸವೇ ಇಲ್ಲ. ಅವನು ದೊಡ್ಡವರೊಂದಿಗೆ ಇದನ್ನು ಚೆನ್ನಾಗಿ ಆಡತೊಡಗಿದ ಮೇಲೆ, ಊಟದ ಹೊತ್ತು ಬಿಟ್ಟು, ನೀವು ಪಕ್ಕದಲ್ಲಿರುವಾಗ ಮಗಳೂ ಆಡಬಹುದು. ಅಲ್ಲಿಯವರೆಗೆ ಗೇಟಿನ ಆಚೆಯಿಂದ ತಿಂಡಿ ಎಸೆದು ಹುಡುಕಿಸುವುದು ಅವಳ ಪಾಲಿನ ಕೆಲಸವಾಗಲಿ.

ನಿಮ್ಮ ಯಜಮಾನರ ದಾರಿ ಸ್ವಲ್ಪ ಉದ್ದ. ಮೊದಲ ವಾರಗಳಲ್ಲಿ ಅವರು ಭೈರನನ್ನು ಕರೆಯುವುದು, ಮುಟ್ಟುವುದು ಏನೂ ಬೇಡ. ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂತು, ನೇರವಾಗಿ ನೋಡದೆ, ಆಗೊಮ್ಮೆ ಈಗೊಮ್ಮೆ ಒಂದು ಚೂರು ಅವನ ಕಡೆ ಉರುಳಿಸಿದರೆ ಸಾಕು. ಹತ್ತಿರ ಬರುವುದು ಬಿಡುವುದು ಭೈರನ ಇಷ್ಟ. ಇದು ಅವರಿಗೆ ಕಷ್ಟವೆನಿಸಬಹುದು. ಆದರೆ ಮನೆಯಲ್ಲಿ ಮೂವರು ಪ್ರೀತಿಯಿಂದ ನಡೆದುಕೊಂಡು ಒಬ್ಬರು ಹೊಡೆಯುತ್ತಿದ್ದರೆ ಮೇಲೆ ಹೇಳಿದ್ದು ಯಾವುದೂ ನಡೆಯುವುದಿಲ್ಲ.

ಶಾಕ್ ಕಾಲರ್ ಖಂಡಿತ ಬೇಡ. ಮಗಳು ಎದುರಿರುವಾಗ ಕತ್ತಿಗೆ ಶಾಕ್ ಹೊಡೆದರೆ, ಭೈರ ಅದನ್ನು ತನ್ನ ಗುರುಗುಟ್ಟುವಿಕೆಗೆ ಜೋಡಿಸಬಹುದು, ಮಗಳಿಗೂ ಜೋಡಿಸಬಹುದು. ಎರಡನೆಯದಾದರೆ, ಇವತ್ತು ಬಿಸ್ಕತ್ತಿನ ವಿಷಯದಲ್ಲಿ ಮಾತ್ರ ಇರುವ ಭಯ ಆ ಮಗುವಿನ ಮೇಲೆಯೇ ಬರುತ್ತದೆ. ವೇಲ್ಸ್ ದೇಶ ಇದನ್ನು 2010ರಲ್ಲೇ ನಿಷೇಧಿಸಿತು.

ಕಲಿಸುವ ಗೋಜಿಲ್ಲದೆ ಬರೀ ಬಾಗಿಲು, ಗೇಟುಗಳಲ್ಲೇ ಬದುಕು ಸಾಗಿಸುತ್ತೇವೆ ಎನ್ನುವ ಮನೆಗಳೂ ಇವೆ. ನಾಲ್ಕು ಜನ ದೊಡ್ಡವರಿರುವ ಮನೆಯಲ್ಲಿ ಅದು ನಡೆಯುತ್ತದೆ. ಮಕ್ಕಳು, ಅವರ ಗೆಳೆಯರು ಓಡಾಡುವ ಮನೆಯಲ್ಲಿ ಒಂದಲ್ಲ ಒಂದು ದಿನ ಯಾರೋ ಬಾಗಿಲು ಹಾಕುವುದನ್ನು ಮರೆಯುತ್ತಾರೆ. ಹೀಗಾಗಿ ನಿಮಗೆ ಎರಡೂ ಬೇಕು, ಕಾವಲೂ ಬೇಕು, ಕಲಿಕೆಯೂ ಬೇಕು. ಅತಿಥಿಗಳು ಬಂದಾಗ ಬುಟ್ಟಿಯಂಥ ಮೂತಿಪಟ್ಟಿ ನೆರವಾಗುತ್ತದೆ, ಅದರಲ್ಲಿ ನಾಯಿ ಬಾಯಿ ತೆರೆದು ಏದುಸಿರು ಬಿಡಬಹುದು, ನೀರು ಕುಡಿಯಬಹುದು. ಮೂತಿಯನ್ನು ಬಿಗಿದು ಮುಚ್ಚುವ ಬಟ್ಟೆಯ ಪಟ್ಟಿ ಬೇಡ. ಒಳಗೆ ತಿಂಡಿ ಹಚ್ಚಿ, ಅವನೇ ಮೂತಿ ತೂರಿಸುವವರೆಗೆ ವಾರಗಟ್ಟಲೆ ರೂಢಿ ಮಾಡಿಸಿ. ಮೈನೋವು ಗುಣವಾದ ಮೇಲೂ ಅವನು ಸದಾ ಬೆದರಿದಂತೇ ಇದ್ದರೆ ಆತಂಕ ತಗ್ಗಿಸುವ ಔಷಧಿಗಳಿವೆ. ಫ್ಲುಯೊಕ್ಸೆಟಿನ್‌ನಂಥವು ಪೂರ್ತಿ ಕೆಲಸ ಮಾಡಲು ನಾಲ್ಕರಿಂದ ಆರು ವಾರ ಬೇಕು, ಪಶುವೈದ್ಯರೇ ಬರೆದುಕೊಡಬೇಕು. ಔಷಧಿ ಕಲಿಕೆಯನ್ನು ಸುಲಭ ಮಾಡುತ್ತದೆ, ಅದೊಂದೇ ಸಾಲದು.

ಗುಣವಾಗುವ ಸಾಧ್ಯತೆ ಎಷ್ಟು? ಇಯಾನ್ ಡನ್‌ಬಾರ್ ಎಂಬ ಪಶುವೈದ್ಯರು ಕಡಿತದ ತೀವ್ರತೆಗೆ ಆರು ಮಟ್ಟಗಳನ್ನು ಹೇಳಿದ್ದಾರೆ. ನೀವು ಬರೆದಂತೆ ಹಲ್ಲು ಚುಚ್ಚಿ ಒಳಗೆ ಇಳಿಯದೆ ಬರೀ ಗೀರಿದ್ದರೆ ಅದು ಎರಡನೆಯ ಮಟ್ಟ. ಅಷ್ಟು ಹೆದರಿದ್ದರೂ ಭೈರ ದವಡೆಯನ್ನು ತಡೆದುಕೊಂಡಿದ್ದಾನೆ. ಇಂಥ ನಾಯಿಗಳಲ್ಲಿ ಹೆಚ್ಚಿನವು, ಮನೆಯವರು ಒಂದೇ ರೀತಿ ನಡೆದುಕೊಂಡರೆ, ಕೆಲವು ತಿಂಗಳಲ್ಲಿ ಬಹಳ ಸುಧಾರಿಸುತ್ತವೆ. ನಡುವೆ ಹಿನ್ನಡೆಗಳು ಬರುತ್ತವೆ. ಮನೆ ತುಂಬ ಜನ, ರಾತ್ರಿಯಿಡೀ ಗಲಾಟೆ, ನಿದ್ದೆಗೇಡು, ಕಾಲುನೋವು ಒಂದೇ ದಿನ ಸೇರಿಬಿದ್ದರೆ ಕಲಿತ ನಾಯಿಯೂ ಗುರುಗುಟ್ಟುತ್ತದೆ. ಅಂಥ ದಿನ ಅವನನ್ನು ಶಾಂತವಾದ ಕೋಣೆಯಲ್ಲಿ ಬಿಟ್ಟುಬಿಡಿ, ಪಾಠ ಬೇಡ. ಮಕ್ಕಳಿರುವ ಮನೆಯಲ್ಲಿ ಕಾವಲಿನ ನಿಯಮಗಳನ್ನು ಮಾತ್ರ ಎಷ್ಟೇ ಸುಧಾರಿಸಿದರೂ ಬಿಡಬಾರದು. ಇನ್ನೆಂದೂ ಕಚ್ಚುವುದಿಲ್ಲ ಎಂದು ಯಾವ ನಾಯಿಯ ಬಗ್ಗೆಯೂ ಬರೆದುಕೊಡಲು ಬರುವುದಿಲ್ಲ. ಹಾಗೆ ಭರವಸೆ ಕೊಡುವ ತರಬೇತುದಾರರಿಂದ ದೂರವಿರಿ. ಮನೆಗೆ ಬರುವವರನ್ನು ಮೊದಲೇ ಕೇಳಿ: ನಾಯಿ ಸರಿಯಾಗಿ ಮಾಡಿದರೆ ಏನು ಮಾಡುತ್ತೀರಿ, ತಪ್ಪು ಮಾಡಿದರೆ ಏನು ಮಾಡುತ್ತೀರಿ? ಎರಡನೆಯ ಪ್ರಶ್ನೆಗೆ ಸರಪಳಿ, ಮುಳ್ಳಿನ ಕಾಲರ್, ಶಾಕ್, ಕೆಡವುವುದು ಎಂಬ ಉತ್ತರ ಬಂದರೆ ನಮಸ್ಕಾರ ಹೇಳಿ ಕಳಿಸಿ.

ಕೊಟ್ಟುಬಿಡುವ ಮಾತು ಉಳಿದಿದೆ. ನಿಮ್ಮ ಅತ್ತೆಯವರ ಕಾಳಜಿ ಮೊಮ್ಮಗಳ ಮೇಲಿನದು, ಅದನ್ನು ತಳ್ಳಿಹಾಕಬೇಡಿ. ನನ್ನ ಅಭಿಪ್ರಾಯ ಇಷ್ಟು: ಮನೆಯ ದೊಡ್ಡವರೆಲ್ಲ ಹೊಡೆಯುವುದಿಲ್ಲ ಎಂದು ಒಪ್ಪಿ, ಊಟ ಮತ್ತು ಹಾಸಿಗೆಯ ವಿಷಯದಲ್ಲಿ ಮಗಳನ್ನೂ ಭೈರನನ್ನೂ ದಿನವೂ ಬೇರೆಬೇರೆ ಇಡಲು ನಿಮಗೆ ಆಗುತ್ತದೆ ಎಂದಾದರೆ ಇಟ್ಟುಕೊಳ್ಳಿ. ಒಬ್ಬರೇ ಒಬ್ಬರು ಹೊಡೆಯುವುದನ್ನು ಬಿಡಲಾರೆ ಎಂದರೂ, ಅಥವಾ ದಿನವಿಡೀ ಮಗಳೂ ನಾಯಿಯೂ ಮಾತ್ರ ಮನೆಯಲ್ಲಿ ಇರಬೇಕಾದ ಪರಿಸ್ಥಿತಿ ಇದ್ದರೂ, ಮಕ್ಕಳಿಲ್ಲದ, ತಾಳ್ಮೆಯ ದೊಡ್ಡವರಿರುವ ಮನೆ ಹುಡುಕುವುದೇ ಮಗುವಿಗೂ ಅವನಿಗೂ ಒಳ್ಳೆಯದು. ಹಾಗೆ ಕೊಡುವುದಾದರೆ ಮುಚ್ಚಿಟ್ಟು ಕೊಡಬೇಡಿ. ಬಟ್ಟಲ ಹತ್ತಿರ ಗುರುಗುಟ್ಟಿದ್ದು, ಪೆಟ್ಟು ತಿಂದದ್ದು, ಮಗುವಿನ ಕೈಗೆ ಹಲ್ಲು ತಾಗಿದ್ದು, ವೈದ್ಯರ ವರದಿ, ಲಸಿಕೆಯ ದಿನಾಂಕಗಳು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಅವನ ಜೊತೆಗೇ ಕಳಿಸಿ.